ತಿರುಳು ಪದಗಳು ಮತ್ತು ಕನ್ನಡದ ಪ್ರತ್ಯಯಗಳು: ಸಂವಹನ ಸಾಧನ ಬಳಸುವ ಮಕ್ಕಳ ಭಾಷಾಬೋಧನೆ

ಬಾಯಿಮಾತು ಬಾರದ ಮಗುವಿಗೆ ಭಾಷೆಯೇ ಇಲ್ಲವೆಂದು ತಿಳಿಯುವುದು ಸರಿಯಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ ಮೊದಲಾದ ಸ್ಥಿತಿಗಳಲ್ಲಿ ಮಾತು ಕೈಗೂಡದ ಮಕ್ಕಳಲ್ಲಿ ಅನೇಕರು ಕೇಳಿದ್ದನ್ನು ಗ್ರಹಿಸಬಲ್ಲರು. ಅಂಥವರಿಗೆ ಚಿತ್ರಫಲಕವೋ, ಚಿತ್ರವನ್ನು ಮುಟ್ಟಿದರೆ ಪದವನ್ನು ನುಡಿಯುವ ಯಂತ್ರವೋ ಮಾತಿನ ದಾರಿಯಾಗುತ್ತದೆ.

ಭಾರತದಲ್ಲಿ ಈ ಕೆಲಸಕ್ಕೆ ಚೆನ್ನೈ ಒಂದು ಮುಖ್ಯ ನೆಲೆ. 1985ರಲ್ಲಿ ಪೂನಂ ನಟರಾಜನ್ ಅವರು ಸ್ಥಾಪಿಸಿದ, ಇಂದು ‘ವಿದ್ಯಾಸಾಗರ್’ ಎಂದು ಹೆಸರಾಗಿರುವ ಸಂಸ್ಥೆ ಅಲ್ಲಿ ಇಂಥ ಮಕ್ಕಳ ಶಿಕ್ಷಣದಲ್ಲಿ ತೊಡಗಿದೆ. ಮದರಾಸು ಐಐಟಿಯಲ್ಲಿ ಓದಿದ ಅಜಿತ್ ನಾರಾಯಣನ್ ಅವರು ಈ ಸಂಸ್ಥೆಯ ಒಡನಾಟದಲ್ಲಿ ‘ಆವಾಜ್’ ಎಂಬ ಸಾಧನವನ್ನು ರೂಪಿಸಿದರು. ಮೊದಲು ಪ್ರತ್ಯೇಕ ಯಂತ್ರವಾಗಿದ್ದ ಅದು ಅನಂತರ ಟ್ಯಾಬ್ಲೆಟ್‌ನ ತಂತ್ರಾಂಶವಾಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ‘ಸಂವಹನ’ ಪದದ ವ್ಯಾಖ್ಯೆಯಲ್ಲಿ ಮಾತಿಗೆ ಪೂರಕವೂ ಪರ್ಯಾಯವೂ ಆದ ಇಂಥ ವಿಧಾನಗಳನ್ನು ಸೇರಿಸಿದೆ. ಸಾಧನ ದೊರೆತ ಮೇಲೆ ಉಳಿಯುವ ಪ್ರಶ್ನೆ ಭಾಷೆಯದು: ಮಗುವಿನ ಮುಂದೆ ಯಾವ ಪದಗಳನ್ನು ಇಡಬೇಕು?

ಚಿತ್ರಿಸಲು ಸುಲಭವಾದ್ದರಿಂದ ಹಣ್ಣು, ಚೆಂಡು, ನಾಯಿ ಮೊದಲಾದ ನಾಮಪದಗಳನ್ನೇ ತುಂಬುವುದು ವಾಡಿಕೆ. ಇಂಥ ಫಲಕದಿಂದ ಮಗು ವಸ್ತುಗಳನ್ನು ಹೆಸರಿಸಬಹುದು, ಬೇಡಬಹುದು. ನಿರಾಕರಿಸಲಾರದು, ಪ್ರಶ್ನಿಸಲಾರದು, ನಡೆದುದನ್ನು ಹೇಳಲಾರದು. ಆದ್ದರಿಂದಲೇ ಈ ಕ್ಷೇತ್ರದ ವಿದ್ವಾಂಸರು ‘ತಿರುಳು ಪದ’ಗಳಿಗೆ ಒತ್ತು ಕೊಡುತ್ತಾರೆ. ಇವು ಕೆಲವು ನೂರರಷ್ಟೇ ಇದ್ದರೂ ದಿನನಿತ್ಯದ ಮಾತಿನ ಬಹುಪಾಲನ್ನು ಆವರಿಸುತ್ತವೆ. ಭಾಷಾವಿಜ್ಞಾನದ ವಿದ್ಯಾರ್ಥಿಗಳು ಬಲ್ಲ ಸ್ವಾದೇಶ್ ಪಟ್ಟಿಯೊಡನೆ ಇದನ್ನು ಬೆರೆಸಬಾರದು. ಆ ಪಟ್ಟಿ ಭಾಷೆಗಳ ಬಾಂಧವ್ಯವನ್ನು ಅಳೆಯಲು ಹುಟ್ಟಿದ್ದು. ತಿರುಳು ಪದಗಳ ಆಯ್ಕೆಗೆ ಬಳಕೆಯ ಆವೃತ್ತಿಯೇ ಆಧಾರ.

ಇಂಗ್ಲಿಷಿನ ಪಟ್ಟಿಯನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಕೆ? ಸಾಲದು. ಇಂಗ್ಲಿಷಿನಲ್ಲಿ ಬಿಡಿಪದಗಳಾಗಿರುವ ಅನೇಕ ತಿರುಳು ಪದಗಳು ಕನ್ನಡದಲ್ಲಿ ಪ್ರತ್ಯಯಗಳಾಗಿ ಪ್ರಕೃತಿಗೆ ಅಂಟಿಕೊಂಡಿರುತ್ತವೆ. ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಎಂಬಲ್ಲಿ ಅರ್ಥಭೇದವಿರುವುದು ವಿಭಕ್ತಿಯಲ್ಲಿ. ‘ಅಮ್ಮ ಬಂದಳಾ?’ ಎಂಬಲ್ಲಿ ಪ್ರಶ್ನೆಯಿರುವುದು ಕೊನೆಯ ಸ್ವರದಲ್ಲಿ. ‘ನಾನು’, ‘ನೀರು’, ‘ಬೇಕು’ ಎಂಬ ಮೂರು ಚಿತ್ರಗಳನ್ನು ಸಾಲಾಗಿ ಮುಟ್ಟಿದ ಮಗು ‘ನಾನು ನೀರು ಬೇಕು’ ಎನ್ನುತ್ತದೆ. ಇದು ಮಗುವಿನ ದೋಷವಲ್ಲ, ಫಲಕದ ದೋಷ. ಅಲ್ಲಿ ‘ನನಗೆ’ ಎಂಬುದಕ್ಕೆ ಸ್ವತಂತ್ರ ಸ್ಥಾನವಿರಬೇಕಿತ್ತು. ನಿಷೇಧದ ವಿಷಯವೂ ಹೀಗೆಯೇ. ‘ಇಲ್ಲ’ ಇರುವಿಕೆಯನ್ನೂ ನಡೆದುದನ್ನೂ ನಿಷೇಧಿಸುತ್ತದೆ, ‘ಅಲ್ಲ’ ಗುರುತನ್ನು, ‘ಬೇಡ’ ಇಚ್ಛೆಯನ್ನು. ಮೂರಕ್ಕೂ ಒಂದೇ ಚಿತ್ರವಿದ್ದರೆ, ತನ್ನನ್ನು ತಪ್ಪಾಗಿ ಅರ್ಥಮಾಡಿಕೊಂಡವರಿಗೆ ‘ಅದಲ್ಲ’ ಎಂದು ತಿಳಿಸುವ ಮಾರ್ಗವೇ ಮಗುವಿಗೆ ಇಲ್ಲವಾಗುತ್ತದೆ.

ಚೆನ್ನೈಯ ಕನ್ನಡ ಮನೆಗಳಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವಿದೆ. ಅಲ್ಲಿನ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಹಲವೊಮ್ಮೆ ಇಂಗ್ಲಿಷು. ‘ನನಗೆ ಬೇಕು’ ಎಂಬುದಕ್ಕೆ ತಮಿಳಿನ ‘ಎನಕ್ಕು ವೇಣುಂ’ ರಚನೆಯಲ್ಲಿ ಸಮಾನವಾದುದು. ‘ಬೇಡ’ಕ್ಕೆ ‘ವೇಂಡಾಂ’, ‘ಇಲ್ಲ’ಕ್ಕೆ ‘ಇಲ್ಲೈ’ ಇವೆ. ಹೀಗಾಗಿ ದ್ರಾವಿಡ ರಚನೆಯನ್ನು ಅನುಸರಿಸಿದ ಒಂದೇ ವಿನ್ಯಾಸ ಎರಡು ಭಾಷೆಗಳಿಗೂ ಬಹುಮಟ್ಟಿಗೆ ಒದಗೀತು. ಚಿತ್ರಗಳ ಸ್ಥಾನ ಬದಲಾಗದಿದ್ದರೆ ಕೈಗೆ ಆದ ರೂಢಿಯೂ ಕೆಡದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ಡಿ. ಎನ್. ಶಂಕರ ಭಟ್ಟರ ವಾದಕ್ಕೆ ಇಲ್ಲೊಂದು ವ್ಯಾವಹಾರಿಕ ಸಮರ್ಥನೆ ದೊರೆಯುತ್ತದೆ.

ಬೋಧನೆಯ ಕ್ರಮವೂ ಇದಕ್ಕೆ ಹೊಂದಬೇಕು. ಪದಗಳನ್ನು ತೋರಿಸಿ ಮಗುವನ್ನು ಪರೀಕ್ಷಿಸುವುದಕ್ಕಿಂತ, ಹಿರಿಯರು ಮಾತನಾಡುತ್ತಲೇ ಅದೇ ಸಾಧನದ ಚಿತ್ರಗಳನ್ನು ಮುಟ್ಟಿ ತೋರಿಸುವುದು ಫಲಕಾರಿ. ಮಗು ‘ಮನೆ, ಹೋಗು’ ಎಂದು ಮುಟ್ಟಿದಾಗ ತಪ್ಪೆನ್ನದೆ, ‘ಮನೆಗೆ ಹೋಗೋಣವಾ?’ ಎಂದು ಪ್ರತ್ಯಯ ಸೇರಿಸಿ ಮರುನುಡಿಯಬೇಕು. ಯಂತ್ರದ ಧ್ವನಿಯೂ ‘ಹೋಗುತ್ತೇನೆ’ ಎಂಬ ಗ್ರಂಥರೂಪಕ್ಕಿಂತ ಮನೆಯವರಾಡುವ ‘ಹೋಗ್ತೀನಿ’ಗೆ ಹತ್ತಿರವಿರಬೇಕು, ಓರಗೆಯ ಮಕ್ಕಳ ಮಾತಿನಲ್ಲಿ ಬೆರೆಯಲು ಅದು ಅಗತ್ಯ.

ಕನ್ನಡ ಮಕ್ಕಳ ಸಹಜ ಮಾತನ್ನು ಪ್ರದೇಶವಾರು ಸಂಗ್ರಹಿಸಿ, ಪದಗಳ ಜೊತೆಗೆ ಪ್ರತ್ಯಯಗಳ ಆವೃತ್ತಿಯನ್ನೂ ಎಣಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕಾರ್ಯ. ವಾಕ್‌ಚಿಕಿತ್ಸಕರಿಗೂ ತಂತ್ರಜ್ಞರಿಗೂ ಈ ಸಾಮಗ್ರಿಯನ್ನು ಒದಗಿಸಬಲ್ಲವರು ವೈಯಾಕರಣರೇ. ‘ಬೇಕು’ ಎನ್ನಲು ಕಲಿತ ಮಗು ‘ಅಲ್ಲ’ ಎನ್ನಲೂ ‘ಯಾಕೆ’ ಎನ್ನಲೂ ಶಕ್ತವಾಗುವುದು ಆ ಎಣಿಕೆಯನ್ನು ಅವಲಂಬಿಸಿದೆ.