ರಾತ್ರಿ ಒಂಬತ್ತರ ಹಸಿವಿಗೆ

ಉಡುಪಿ

ಪ್ರೀತಿಯ ಪುಟ್ಟಾ,

ನಿನ್ನ ಕಾಗದ ಬಂತು. ಬೆಲ್ಟಿನ ತೂತುಗಳು ಮುಗಿದವು, ಸೆಕ್ಟರ್ ಫೈವ್‌ನ ಆಫೀಸಿನಿಂದ ಜಾದವ್‌ಪುರದ ಕೋಣೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ, ಹಸಿವು ತಡೆಯದೆ ದಾರಿಯಲ್ಲೇ ಎಗ್ ರೋಲ್ ತಿಂದುಬಿಡುತ್ತೇನೆ ಎಂದು ಬರೆದಿದ್ದೀಯ. ಗೆಳೆಯರು ಸೇರಿ ಕೊಟ್ಟ ಸ್ಲೋ ಕುಕ್ಕರ್‌ನಲ್ಲಿ ಏನು ಬೇಯಿಸಲಿ, ಪ್ರೋಟೀನ್ ಪುಡಿಯ ಡಬ್ಬಿ ಕೊಳ್ಳಲೇ ಎಂದೂ ಕೇಳಿದ್ದೀಯ. ಪುಡಿಯ ಯೋಚನೆ ಬಿಡು ಮಗಾ. ಆ ದುಡ್ಡಿಗೆ ಎಷ್ಟು ಕಾಳು, ಎಷ್ಟು ಮೊಟ್ಟೆ ಬರುತ್ತವೆ ಎಂದು ನಿನ್ನ ಬೀದಿಯ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡು.

ಕುಕ್ಕರ್ ವಿಷಯಕ್ಕೆ ಬಂದರೆ, ಅಂಥದ್ದೇ ಒಂದು ಹಳೆಯ ಕುಕ್ಕರಿಗೆ ನೀನು ಇರುವ ಊರೇ ತವರು. 1910ರಲ್ಲಿ ಕೋಲ್ಕತ್ತಾದ ವೈದ್ಯ ಇಂದುಮಾಧವ ಮಲ್ಲಿಕ್ ಎಂಬವರು ಇಕ್ಮಿಕ್ ಕುಕ್ಕರ್ ಕಂಡುಹಿಡಿದರು. ವೈದ್ಯಶಾಸ್ತ್ರವಲ್ಲದೆ ಕಾನೂನು, ತತ್ತ್ವಶಾಸ್ತ್ರವನ್ನೂ ಓದಿಕೊಂಡವರು ಅವರು. ಪುರಿಯ ಜಗನ್ನಾಥನ ಗುಡಿಯಲ್ಲಿ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿ ಪ್ರಸಾದ ಬೇಯಿಸುವುದನ್ನು ನೋಡಿ ಅವರಿಗೆ ಇದು ಹೊಳೆಯಿತು ಎನ್ನುತ್ತಾರೆ. ಕೆಳಗೆ ಇದ್ದಿಲ ಕೆಂಡ, ಮೇಲೆ ನೀರು ಹಾಕಿದ ಉದ್ದನೆಯ ಪಾತ್ರೆ, ಅದರೊಳಗೆ ಬುತ್ತಿ ಕ್ಯಾರಿಯರ್‌ನ ಹಾಗೆ ಸಾಲು ಡಬ್ಬಿಗಳು. ಒಂದರಲ್ಲಿ ಅಕ್ಕಿ, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ತರಕಾರಿಯೋ ಮಾಂಸವೋ. ಎಲ್ಲವೂ ಹಬೆಯಲ್ಲಿ ಬೇಯುತ್ತವೆ, ಕೆಂಡ ತಾನಾಗಿ ಆರುತ್ತದೆ, ಪಕ್ಕದಲ್ಲಿ ಯಾರೂ ಕಾವಲು ಕೂರಬೇಕಿಲ್ಲ. ಮೆಸ್‌ಗಳಲ್ಲಿ ಒಂಟಿಯಾಗಿದ್ದ ಗುಮಾಸ್ತರು, ವಿದ್ಯಾರ್ಥಿಗಳು, ರೈಲು ಪ್ರಯಾಣಿಕರು ಅದನ್ನು ನೆಚ್ಚಿಕೊಂಡಿದ್ದರು. ನಿನ್ನ ದೊಡ್ಡಪ್ಪನಿಗೆ ಬ್ಯಾಂಕಿನ ವರ್ಗಾವಣೆಯಾಗಿ ನಾವು ಲೇಕ್ ಮಾರ್ಕೆಟ್ ಹತ್ತಿರ ಇದ್ದಾಗ ಪಕ್ಕದ ಮನೆಯ ಮಾಶಿಮಾ ತಮ್ಮ ಮಾವನವರ ಇಕ್ಮಿಕ್ ಕುಕ್ಕರ್ ಅನ್ನು ಅಟ್ಟದಿಂದ ಇಳಿಸಿ ತೋರಿಸಿದ್ದರು. ಅದರಲ್ಲಿ ಬೇಯಿಸಿದ ಮಾಂಸಕ್ಕೆ ಎಣ್ಣೆ ಬೇಕೆನಿಸುತ್ತಲೇ ಇರಲಿಲ್ಲವಂತೆ.

ನನಗೆ ನಿನ್ನಲ್ಲಿ ಹೇಳಬೇಕಾದ್ದು ಇದೇ. ಬೊಜ್ಜು ಇಳಿಯುವುದೋ ಬಿಡುವುದೋ ರಾತ್ರಿ ಒಂಬತ್ತಕ್ಕೇ ತೀರ್ಮಾನವಾಗುತ್ತದೆ. ಹಸಿದ ಹೊಟ್ಟೆಗೆ ಯಾವ ಸಂಕಲ್ಪವೂ ನೆನಪಿರುವುದಿಲ್ಲ. ಆ ಹೊತ್ತಿಗೆ ಕೋಣೆಯಲ್ಲಿ ಬಿಸಿ ಊಟ ಕಾಯುತ್ತಿದ್ದರೆ ನಿನ್ನ ಕಾಲು ತಾನಾಗಿ ರೋಲ್ ಅಂಗಡಿ ದಾಟುತ್ತದೆ. ಆ ಊಟ ಕಾಳು, ಮೊಟ್ಟೆ, ಮೀನಿನದ್ದಾಗಿರಲಿ. ಪ್ರೋಟೀನ್ ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ. ಊಟ ಕಡಿಮೆ ಮಾಡಿದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ, ಅದನ್ನು ಉಳಿಸಿಕೊಳ್ಳಲೂ ಪ್ರೋಟೀನ್ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರೋಟೀನ್ ಅಳತೆ ದೇಹದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ. ನಿನ್ನ 80 ಕಿಲೋಗೆ ಅದು 66 ಗ್ರಾಂ ಆಯಿತು. ಇಳಿಸುವ ಕಾಲದಲ್ಲಿ 90ರ ಆಸುಪಾಸು ಇದ್ದರೆ ಒಳ್ಳೆಯದು. ಲೆಕ್ಕ ಹಾಕಿಕೋ: 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 22 ಗ್ರಾಂ, ಮೂರು ಮೊಟ್ಟೆಯಲ್ಲಿ 18, ಎರಡು ಹೋಳು ರುಯಿ ಮೀನಿನಲ್ಲಿ 25ರಷ್ಟು, ಒಂದು ಹಿಡಿ ಸೋಯಾ ತುಂಡಿನಲ್ಲಿ 15, ಒಂದು ಬಟ್ಟಲು ಹುಳಿ ಮೊಸರಲ್ಲಿ 6. ಅನ್ನದಲ್ಲಿರುವ ಚೂರುಪಾರು ಸೇರಿದರೆ ಮುಗಿಯಿತು. ಇದರಲ್ಲಿ ದುಬಾರಿಯಾದ್ದು ಮೀನೊಂದೇ, ಅದೂ ತೆಲಾಪಿಯಾ ಆದರೆ ಅಗ್ಗ. ನಮ್ಮ ಬಂಗುಡೆ, ಬೂತಾಯಿ ಅಲ್ಲಿಲ್ಲವೆಂದು ಕೊರಗಬೇಡ.

ಈಗ ಅಡುಗೆ. ಬಂಗಾಳಿಗಳ ಘುಗ್ನಿಯಿಂದಲೇ ಶುರುಮಾಡು. ಒಣ ಬಿಳಿ ಬಟಾಣಿಯನ್ನು ರಾತ್ರಿ ನೆನೆಸು. ಚೈತ್ರ ವೈಶಾಖದ ಸೆಕೆಯಲ್ಲಿ ಹೊರಗಿಟ್ಟರೆ ಹುಳಿಯುತ್ತದೆ, ಫ್ರಿಜ್ಜಿನಲ್ಲಿಡು. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು, ಈರುಳ್ಳಿ, ಶುಂಠಿ, ಜೀರಿಗೆ, ಅರಿಸಿನ ಹಾಕಿ ಸಣ್ಣ ಉರಿಯ ಗುಂಡಿ ಒತ್ತಿ ಆಫೀಸಿಗೆ ಹೋಗು. ಹುಣಸೆಹುಳಿ, ಟೊಮೇಟೊ ಮಾತ್ರ ಆಗ ಬೇಡ. ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ, ಬಹಳ ಹೊತ್ತು ಗಟ್ಟಿಯಾಗೇ ಇರುತ್ತದೆ. ಬಂದ ಮೇಲೆ ಹುಳಿ ಬೆರೆಸಿ, ಬೇಯಿಸಿದ ಮೊಟ್ಟೆ ಸೀಳಿ ಹಾಕಿ, ಹಸಿಮೆಣಸು, ನಿಂಬೆ ಹಿಂಡು. ಇದೇ ಕ್ರಮದಲ್ಲಿ ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡು, ಕಾಳನ್ನು ಪಲ್ಯ ಮಾಡು. ಒಗ್ಗರಣೆಗೆ ಒಂದು ಚಹಾ ಚಮಚ ಎಣ್ಣೆ ಸಾಕು. ಕೈಬಿಟ್ಟು ಸುರಿದರೆ ಒಂದು ದೊಡ್ಡ ಚಮಚಕ್ಕೇ 120 ಕ್ಯಾಲೊರಿ.

ರಾಜ್ಮಾ ಬಗ್ಗೆ ಮಾತ್ರ ನನ್ನ ಮಾತು ಮೀರಬೇಡ. ಹಸಿ ರಾಜ್ಮಾದಲ್ಲಿ ಒಂದು ಬಗೆಯ ವಿಷವಿದೆ, ಸ್ಲೋ ಕುಕ್ಕರ್‌ನ ಮಂದ ಕಾವಿಗೆ ಅದು ಸಾಯುವುದಿಲ್ಲ. ಅರೆಬೆಂದದ್ದನ್ನು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ನೆನೆಸಿದ ನೀರು ಚೆಲ್ಲಿ, ಒಲೆಯ ಮೇಲೆ ಅರ್ಧ ಗಂಟೆ ಕೊತಕೊತ ಕುದಿಸಿ, ಆಮೇಲಷ್ಟೇ ಕುಕ್ಕರಿಗೆ ಹಾಕು. ಒಲೆ ಇಲ್ಲದ ದಿನ ರಾಜ್ಮಾ ಬೇಡವೇ ಬೇಡ, ಬಟಾಣಿ ಇದೆಯಲ್ಲ.

ಮೀನನ್ನು ದಿನವಿಡೀ ಬೇಯಲು ಬಿಟ್ಟರೆ ಚಿಂದಿಯಾಗುತ್ತದೆ. ರಜೆಯ ದಿನಕ್ಕೆ ಇಟ್ಟುಕೋ. ಸಾಸಿವೆ, ಹಸಿಮೆಣಸು ರುಬ್ಬಿ, ಉಪ್ಪು ಅರಿಸಿನ ಸವರಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಮೀನು ತುಂಬಿ ಹಬೆಯಲ್ಲಿಡು, ಅಲ್ಲಿಯವರು ಭಾಪಾ ಮಾಡುವ ಹಾಗೆ. ಅವರು ಮೇಲೆ ಸುರಿಯುವ ಸಾಸಿವೆ ಎಣ್ಣೆಯನ್ನು ನೀನು ಒಂದು ಚಮಚಕ್ಕೆ ಇಳಿಸು, ಪರಿಮಳಕ್ಕೆ ಅಷ್ಟು ಸಾಕು. ಕೋಳಿ ಹಾಕುವ ದಿನ ಚರ್ಮ ತೆಗೆಸಿಕೊಂಡು ಬಾ, ಫ್ರೀಜರ್‌ನ ಗಟ್ಟಿ ತುಂಡನ್ನು ಹಾಗೇ ಹಾಕಬೇಡ, ನಡುವೆ ಮುಚ್ಚಳ ತೆಗೆದು ಇಣುಕಬೇಡ. ಪ್ರತಿ ಸಲ ಕಾವು ಹೋಗಿ ಅಡುಗೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತದೆ.

ಅನ್ನ ಬಿಡು ಎಂದು ನಾನು ಹೇಳುವುದಿಲ್ಲ. ಅಲ್ಲಿಯ ಸೆದ್ಧ ಚಾಲ್ ನಮ್ಮ ಕುಚ್ಚಲಕ್ಕಿಯ ಹತ್ತಿರದ ನೆಂಟ, ಒಂದು ಬಟ್ಟಲು ಉಣ್ಣು, ತಟ್ಟೆಯ ಅರ್ಧಕ್ಕೆ ಲಾವು, ಪಟಲ್‌ನಂಥ ಅಲ್ಲಿಯ ತರಕಾರಿ, ಪುಯಿ ಸೊಪ್ಪು ಇರಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಬೇಕಾದಷ್ಟಾಯಿತು. ಗೆಳೆಯರ ಜೊತೆ ಭಾನುವಾರ ಒಂದು ರೋಲ್ ತಿಂದರೆ ಲೋಕ ಮುಳುಗುವುದಿಲ್ಲ, ಆ ದಿನ ರವೀಂದ್ರ ಸರೋವರ ಸುತ್ತಿ ಬಾ. ಮೊದಲು ಒಮ್ಮೆ ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸು, ಮೂತ್ರಪಿಂಡ ಸರಿಯಿದೆಯೇ ಎಂದು ಕೇಳು. ನಿನ್ನ ಅಜ್ಜನಿಗಿದ್ದ ತೊಂದರೆ ನನಗೆ ಮರೆತಿಲ್ಲ, ಅದಿದ್ದವರಿಗೆ ಪ್ರೋಟೀನ್ ಅಳತೆ ಬೇರೆಯೇ.

ಹುರುಳಿಗೆ ಅಲ್ಲಿ ಕುಲ್ಥಿ ಕಲಾಯ್ ಎಂದು ಕೇಳು, ಮೊದಲು ಲೇಕ್ ಮಾರ್ಕೆಟ್‌ನಲ್ಲಿ ವಿಚಾರಿಸು. ಸಿಗದಿದ್ದರೆ ಬರೆ. ದೀಪಾವಳಿಗೆ ನಿನ್ನ ಅಮ್ಮ ಬರುವಾಗ ಎರಡು ಕಿಲೋ ಕಟ್ಟಿ ಕಳಿಸುತ್ತೇನೆ, ಜೊತೆಗೆ ಸಾರಿನ ಪುಡಿಯೂ ಇರುತ್ತದೆ.

ನಿನ್ನ,
ದೊಡ್ಡಮ್ಮ