ಹಳೇ ರೂಟರ್ ಎಸೀಬೇಡಿ

ಸಿಂಧನೂರು ಅಂದ್ರೆ ಭತ್ತ, ಭತ್ತ ಅಂದ್ರೆ ರೈಸ್ ಮಿಲ್. ಆಫೀಸಲ್ಲಿ ವೈಫೈ ಜೋರಾಗಿದ್ರೂ ಅಂಗಳದಾಚೆಯ ಕಾಟಾ ರೂಮಿಗೆ ಸಿಗ್ನಲ್ ಮುಟ್ಟಲ್ಲ. ನಡುವೆ ತಗಡಿನ ಶೆಡ್. ತೂಕ ಆದ ಲಾರಿ ಬಿಲ್ಲಿಗೆ ಕಾಯುತ್ತೆ. ಲಿಂಗಸುಗೂರು, ಮಸ್ಕಿಯ ದಪ್ಪ ಕಲ್ಲುಗೋಡೆಯ ಆಫೀಸುಗಳಿಗೂ ಈ ಉಪಾಯ ನಡೆಯುತ್ತೆ.

ಮೂಲೇಲಿ ಬಿದ್ದಿರೋ ರೂಟರ್ ರೀಸೆಟ್ ಮಾಡಿ ಲ್ಯಾಪ್‌ಟಾಪಿಗೆ ಜೋಡಿಸೋಣ. ಮುಖ್ಯ ರೂಟರ್ ವಿಳಾಸ 192.168.1.1 ಆಗಿದ್ರೆ ಇದಕ್ಕೆ 192.168.1.2 ಕೊಡೋಣ. ಮುಖ್ಯ ರೂಟರ್ ಹಂಚೋ ಪಟ್ಟಿಯಲ್ಲಿ ಆ ನಂಬರ್ ಇರಬಾರದು. ಆಮೇಲೆ ಡಿಎಚ್‌ಸಿಪಿ ಆಫ್. ಎಲ್ಲಕ್ಕಿಂತ ಮುಖ್ಯ ಇದೇ. ಆಫ್ ಮಾಡದಿದ್ರೆ ಹಳೇ ರೂಟರೂ ಫೋನುಗಳಿಗೆ ವಿಳಾಸ ಹಂಚಿ, ‘ಇಂಟರ್ನೆಟ್ಟಿಗೆ ನಾನೇ ಬಾಗಿಲು’ ಅನ್ನುತ್ತೆ. ಆ ಬಾಗಿಲ ಹಿಂದೆ ಇಂಟರ್ನೆಟ್ಟೇ ಇಲ್ಲ! ವೈಫೈ ಕಡ್ಡಿ ಪೂರ್ತಿ, ಪೇಜ್ ಮಾತ್ರ ತೆರೆಯಲ್ಲ.

ಈಗ ಮುಖ್ಯ ರೂಟರಿನ ಲ್ಯಾನ್ ಪೋರ್ಟಿಂದ ಹಳೇದರ ಲ್ಯಾನ್ ಪೋರ್ಟಿಗೆ ಕೇಬಲ್. ವ್ಯಾನ್ ಪೋರ್ಟ್ ಖಾಲಿ ಇರಲಿ. ಕೇಬಲ್ 100 ಮೀಟರ್ ದಾಟಬಾರದು. ಅಂಗಳದಲ್ಲಿ ಪೈಪೊಳಗೆ ಎಳೀರಿ. ಕೇಬಲ್ ಇಲ್ಲದೆ ರಿಪೀಟರ್ ಮೋಡಲ್ಲೂ ಆಗುತ್ತೆ, ಆದ್ರೆ ಒಂದೇ ರೇಡಿಯೋ ಕೇಳಿ ಮತ್ತೆ ಹೇಳಬೇಕಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ನಮ್ಮ ಓಟು ಕೇಬಲ್‌ಗೇ.

ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ, 2.4 ಗಿಗಾಹರ್ಟ್ಸ್ ಚಾನೆಲ್ ಮಾತ್ರ ಬೇರೆ, ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ಹಳೇ ಪೋರ್ಟಿನ ವೇಗ 100 ಎಂಬಿಪಿಎಸ್ಸೇ ಇದ್ರೂ ಬಿಲ್ಲಿಗೆ ಧಾರಾಳ ಸಾಕು.