ಟ್ಯೂಬಿಂಗೆನ್ನಿಗೆ ಹೊರಟವರಿಗೆ

ಒಂದು ಸೆಮಿಸ್ಟರಿನ ಮಟ್ಟಿಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ವಿನಿಮಯ ವಿದ್ಯಾರ್ಥಿಗಳಾಗಿ ಹೊರಟಿರುವ ತರುಣ ಮಿತ್ರರು, ಉಣ್ಣೆಯ ಅಂಗಿಗಳನ್ನು ಪೆಟ್ಟಿಗೆಗೆ ತುಂಬುವುದಕ್ಕೆ ಮೊದಲೇ, ಅಲ್ಲಿ ತಾವು ವ್ಯಾಸಂಗ ಮಾಡಲಿರುವ ವಿಷಯಗಳ ಪಟ್ಟಿಗೆ ಉಭಯ ವಿದ್ಯಾಲಯಗಳ ಲಿಖಿತ ಸಮ್ಮತಿಯನ್ನು ಪಡೆದುಕೊಳ್ಳತಕ್ಕದ್ದು. ಇಲ್ಲದಿದ್ದಲ್ಲಿ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದೀತು. ಬಿಡಾರ ಹೂಡಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸುವುದು ಕಡ್ಡಾಯ.

ಅಲ್ಲಿ 1.0 ಅತ್ಯುತ್ತಮ ಶ್ರೇಣಿ, 5.0 ಅನುತ್ತೀರ್ಣ, ‘ಐದು ಬಂದಿತು’ ಎಂದು ಹಿಗ್ಗಿ ಮನೆಗೆ ಬರೆದೀರಿ, ಜೋಕೆ! ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಮುಂದೆ ‘ಸಿ.ಟಿ.’ ಎಂದಿದ್ದರೆ ಉಪನ್ಯಾಸ ಆರಂಭವಾಗುವುದು ಹತ್ತೂಕಾಲಿಗೆ. ಅದು ಮುಗಿದೊಡನೆ ಶ್ರೋತೃಗಳೆಲ್ಲರೂ ಮಡಿಸಿದ ಬೆರಳಗೆಣ್ಣುಗಳಿಂದ ಮೇಜನ್ನು ಟಕಟಕನೆ ಕುಟ್ಟುವುದನ್ನು ಕಂಡು ಗಲಭೆಯೆಂದು ಬೆದರದಿರಿ, ಅದು ಆಚಾರ್ಯರಿಗೆ ಸಲ್ಲುವ ಗೌರವ. ಕರತಾಡನಕ್ಕಿಂತ ನನಗೇನೋ ಅದೇ ಹೆಚ್ಚು ಹೃದ್ಯ.

ಕನ್ನಡಿಗರಿಗಂತೂ ಆ ಊರು ತೀರ ಪರಕೀಯವಲ್ಲ: 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರು ಓದಿದ್ದು ಅಲ್ಲಿ, ನಿಘಂಟುಕಾರ ಕಿಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟನ್ನಿತ್ತದ್ದೂ ಅದೇ ವಿಶ್ವವಿದ್ಯಾಲಯ. ಅವರು ನಮ್ಮ ನುಡಿಯನ್ನು ಕಲಿತ ಶ್ರದ್ಧೆಯ ಶತಾಂಶದಿಂದಲಾದರೂ, ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ಮಾಂಸವಿಲ್ಲದ ಊಟ ಯಾವುದೆಂದು ಕೇಳಿ ತಿಳಿಯುವಷ್ಟು ಜರ್ಮನ್ ಭಾಷೆಯನ್ನು ಹೊರಡುವ ಮುನ್ನವೇ ಕಲಿತುಕೊಳ್ಳಿ.